ನೆಗೆಣ್ಣಿ ತುಳಿದ ಮಣ್ಣು

ನನ್ನ ನೆಗೆಣ್ಣಿ, ಅಂದ್ರ ಮೈದುನನ ಹೆಂಡ್ತಿ, ಹಚ್ಚಿದ ಬದನಿ ಅಗಿ-ಸಸಿ ಒಂದೂ ಸಾಯೂದಿಲ್ಲ. ಇಬ್ಬರ ಹೊಲಕ್ಕೂ ನಡುವ ಒಂದ ಬದು. ಎರಿಮಣ್ಣು ಅದೇ, ಕಾಲುವಿ ನೀರೂ ಅದೇ. ಆದ್ರೂ ಎಳ್ಳಮವಾಸಿಗೆ ಎರಡೂ ಮನಿಯವ್ರು ಹೊಲದಾಗ ಉಣ್ಣಾಕ ಕೂತ್ರ ಎಣಗಾಯಿಗೆ ಅಕಿ ಬದನಿಕಾಯೇ ಆಗಬೇಕು. ನಾ ಎಣಗಾಯಿ ಮುಟ್ಟದ ಬರೇ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿಂತಿದ್ದೆ.

ಈ ಸಲ ನಾನೂ ಹಟಕ್ಕ ಬಿದ್ದು ಅಗಿ ಹಚ್ಚಿದೆ. ನೀರು ಹಾಕಿ, ಹಸಿ ಮಣ್ಣು ಬುಡಕ್ಕ ಒತ್ತಿ ಒತ್ತಿ ಗಟ್ಟಿ ಮಾಡಿದೆ. ಬಿಸಿಲಿಗೆ ಅದು ಇಟ್ಟಂಗಿ ಆಗಿ ಬಿರಿದು, ಬೇರು ಹರಿದು, ಅಗಿ ಬಾಡಿದವು. ನೆಗೆಣ್ಣಿ ಬದುವಿನ ಮ್ಯಾಲ ನಿಂತು ನಕ್ಕಳು.

"ಅಕ್ಕಾ, ಎರಿಮಣ್ಣು ತೋಯಿಸಿ ಒತ್ತಿದ್ರ ಗ್ವಾಡಿ ಕಟ್ಟಿದಂಗ ಆಕ್ಕೈತಿ. ಹುಡಿ ಇದ್ದಾಗ ಹಿಮ್ಮಡಿಲೆ ತುಳೀಬೇಕು, ಆಮ್ಯಾಲ ನೀರು."

"ನಿನ್ನ ಕೇಳಿದವ್ರ್ಯಾರು?" ಅಂದೆ.

ಅಕಿ ಮನಿಗೆ ಹೋಗೂತನಕ ಕಾದು, ಉಳಿದ ಅಗಿ ಹಚ್ಚಿ, ಅಕಿ ಹೇಳಿದಂಗೇ ಬುಡದ ಹುಡಿಮಣ್ಣು ತುಳಿದು, ಆಮ್ಯಾಲ ನೀರು ಹಾಕಿದೆ. ಎಲ್ಲಾ ಹಿಡಿದವು. ಎಳ್ಳಮವಾಸಿಗೆ ಎಣಗಾಯಿ ನನ್ನ ಬದನಿಕಾಯಿದೇ ಆತು.

ನಮ್ಮ ಮನಿಯವ್ರು ಬೆರಳು ನೆಕ್ಕಿ, "ಕಾಯಿ ಚಲೋ ಅದಾವು. ಬದುವಿನ ಆಚಿ ಕಡೀವೇನು?" ಅಂದ್ರು.

ನಾ ಬಾಯಿ ತೆರಿಯೂದ್ರಾಗ ನೆಗೆಣ್ಣಿನೇ ಹೇಳಿದಳು: "ಇಲ್ರಿ ಭಾವಾರ, ಅಕ್ಕ ಬೆಳೆದವು. ನನ್ನ ಕಾಯಿಕಿಂತ ಚಲೋ ಬಂದಾವ್ರಿ."

ತಾನು ಹೇಳಿಕೊಟ್ಟದ್ದು ಅಂತ ಒಂದ ಮಾತೂ ಆಡಲಿಲ್ಲ. ಆಡಿದ್ರ ಜಗಳಾದ್ರೂ ಮಾಡ್ತಿದ್ದೆ. ಈಗ ಅಕಿನ್ನ ಬೈಯಾಕೂ ನನಗೇನೂ ಉಳಿದಿಲ್ಲ.