ಆಯಿಯ ಮಾತು ಬಿಟ್ಟು ಬರೆದ ಅಧ್ಯಾಯ

ನಮ್ಮ ಮನೆತನದ ಕಥೆಯನ್ನು ಕಾದಂಬರಿ ಮಾಡುವ ಆಸೆ ನನಗೆ ಹುಟ್ಟಿದ್ದು ಅಜ್ಜನ ಕುರಿಗಳಿಂದ. ನಿಜಾಮನ ಆಳ್ವಿಕೆ ಮುಗಿಯುವ ಹೊತ್ತಿನ ಗದ್ದಲದಲ್ಲಿ ಅಜ್ಜ ಬಸವಕಲ್ಯಾಣದ ಹತ್ತಿರದ ನಮ್ಮ ಹಳ್ಳಿ ಬಿಟ್ಟು, ಇಡೀ ಹಿಂಡನ್ನು ನಿಜಾಮನ ಸೀಮೆಯ ಗಡಿ ದಾಟಿಸಿದ್ದ. ಜೊತೆಗೆ ಒಂದು ಕತ್ತೆಯೂ ಇತ್ತಂತೆ. ಒಂದು ಮರಿಯೂ ಸಾಯಲಿಲ್ಲ ಎಂದು ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ಅವನಿಗೆ ಇಬ್ಬರು ತಂಗಿಯರಿದ್ದರು, ದೊಡ್ಡವಳು ಆ ಗದ್ದಲದಲ್ಲೇ ಹೋಗಿಬಿಟ್ಟಳು ಎಂಬುದಷ್ಟೇ ನನಗೆ ಗೊತ್ತಿತ್ತು.

ಹೇಗೆ ಹೋದಳೆಂದು ಅಪ್ಪನನ್ನು ಕೇಳಿದ್ದು ಬರೆಯಲು ಕೂತ ಮೇಲೆಯೇ.

"ಅಕಿ ಕಾಲು ಮುರದಿತ್ತು, ನಡಿಯಾಕ ಬರ್ತಿದ್ದಿಲ್ಲ. 'ಅಣ್ಣಾ, ನನ್ನ ಸಲುವಾಗಿ ಎಲ್ಲಾರೂ ಸಾಯಬ್ಯಾಡ್ರಿ, ಕುರಿ ಹೊಡಕೊಂಡು ಹೋಗ್ರಿ' ಅಂತ ಅಕಿನೇ ಹೇಳಿದ್ಲಂತ. ನಿಮ್ಮಜ್ಜ ಹಂಗ ಹೇಳ್ತಿದ್ದ. ತಿರುಗಿ ಬಂದಾಗ ಮನಿ ಖಾಲಿ ಇತ್ತು."

ಅಜ್ಜನ ಕಿರಿಯ ತಂಗಿ ಇನ್ನೂ ಇದ್ದಳು, ಹುಮನಾಬಾದಿನ ಮಗಳ ಮನೆಯಲ್ಲಿ. ನಾನು ಅವಳನ್ನು ಆಯಿ ಎನ್ನುತ್ತಿದ್ದೆ. ಒಂದು ಭಾನುವಾರ ಬಸ್ಸು ಹತ್ತಿ ಹೋದೆ. ಅವಳು ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಅಪ್ಪ ಹೇಳಿದ್ದನ್ನು ಹೇಳಿದೆ. ಅವಳ ಕೈ ಮೊರದ ಮೇಲೆಯೇ ನಿಂತಿತು.

"ಅಕ್ಕ ಹಂಗೇನೂ ಅನ್ನಲಿಲ್ಲವ್ವ. ಅಣ್ಣನ ಧೋತರ ಹಿಡಕೊಂಡು, ಬಿಟ್ಟು ಹೋಗಬ್ಯಾಡ ಅಂತ ಅಳ್ತಿದ್ಲು. ಅಂವ ಅಕಿ ಕೈ ಬಟ್ಟು ಒಂದೊಂದೇ ಬಿಡಿಸಿದ."

"ಕತ್ತಿ ಇತ್ತಲ್ಲ ಆಯಿ, ಅದರ ಮ್ಯಾಲ ಕೂಡಿಸಬಹುದಿತ್ತು."

"ಅದರ ಮ್ಯಾಲ ಸಣ್ಣ ಮರಿ ಇದ್ದವು. ನಾನೂ ಇದ್ದೆ."

ಬಸವಕಲ್ಯಾಣಕ್ಕೆ ಹೋಗಿ ಅಪ್ಪನಿಗೆ ಇದನ್ನು ತಿಳಿಸಿದೆ. ಅವನು ಸಿಟ್ಟಾಗಲಿಲ್ಲ. "ಸತ್ತವ ಹ್ಯಾಂಗ ಜವಾಬ್ ಕೊಡ್ಬೇಕು? ಆಯಿ ಆವಾಗ ಸಣ್ಣಾಕಿ, ಅಕಿಗೇನು ನೆನಪಿರ್ತದ," ಎಂದಷ್ಟೇ ಹೇಳಿ ಎದ್ದುಹೋದ.

ನಾನು ಅಪ್ಪನ ಮಾತನ್ನೇ ಬರೆದೆ. ಅಪ್ಪನಿಗೆ ಹೆದರಿ ಬರೆದೆ ಎಂದರೆ ಪೂರ್ತಿ ನಿಜವಲ್ಲ. ಅಣ್ಣನನ್ನು ತಾನೇ ಕಳಿಸಿಕೊಡುವ ಹುಡುಗಿ ಕಾದಂಬರಿಗೆ ಚೆನ್ನಾಗಿ ಒಪ್ಪುತ್ತಿದ್ದಳು. ಓದಿದವರೆಲ್ಲ ಆ ಅಧ್ಯಾಯವನ್ನೇ ಮೆಚ್ಚಿದರು. ಕಣ್ಣೀರು ಬಂತು ಎಂದು ಒಬ್ಬರು ಪತ್ರವನ್ನೂ ಬರೆದರು.

ಪುಸ್ತಕ ಹಿಡಿದು ಮತ್ತೆ ಹುಮನಾಬಾದಿಗೆ ಹೋದೆ. ಆಯಿಗೆ ಓದು ಬರುತ್ತಿರಲಿಲ್ಲ, ನಾನೇ ಓದಿ ಹೇಳಿದೆ. ಆ ಅಧ್ಯಾಯ ಹಾರಿಸಬೇಕೆಂದುಕೊಂಡಿದ್ದೆ. ಅವಳು ಬಿಡಲಿಲ್ಲ.

"ಅಕ್ಕಂದು ಎಲ್ಲಿ ಬರ್ತದ? ಅದು ಓದು."

ಓದಿದೆ. ಆಯಿ ಕೊನೆಯವರೆಗೂ ಕೇಳಿದಳು.

"ಅಕಿ ಹಿಂಗ ಅಂದಿದ್ರ ಛಲೋ ಇತ್ತು," ಎಂದಳು. ಕೌದಿ ಎಳೆದುಕೊಂಡು, "ಅಕಿ ಅತ್ತದ್ದು ಕೇಳಿದಾಕಿ ನಾನೊಬ್ಬಾಕಿನೇ ಉಳಿದೀನಿ. ಅದಕ್ಕ ನಿನಗ ಹೇಳಿದ್ದೆ," ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.

ಆಮೇಲೆಯೂ ಹೋಗುತ್ತಿದ್ದೆ. ಚಹಾ ಕುಡಿದೆಯಾ, ಮಕ್ಕಳು ಹೇಗಿದ್ದಾರೆ ಎಂದು ಕೇಳುತ್ತಿದ್ದಳು. ಅಕ್ಕನ ಸುದ್ದಿ ಮತ್ತೆ ತೆಗೆಯಲಿಲ್ಲ. ಹೋದ ಮಳೆಗಾಲದಲ್ಲಿ ತೀರಿಕೊಂಡಳು.

ಎರಡನೆಯ ಮುದ್ರಣದ ಮಾತು ಬಂದಾಗ ಆ ಅಧ್ಯಾಯವನ್ನು ಆಯಿ ಹೇಳಿದಂತೆಯೇ ತಿದ್ದಿ ಬರೆದು, ಮೊದಲು ಅಪ್ಪನಿಗೆ ಕೊಟ್ಟೆ. ಅವನು ಮಧ್ಯಾಹ್ನವಿಡೀ ಓದಿದ. ನಾಲ್ಕೇ ಹಾಳೆ ಇದ್ದವು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಕತ್ತಿ ಸುದ್ದಿ ಖರೇ ಅದ. ಸಾಯೋ ಮುಂದ ಅಪ್ಪ ನನಗೊಬ್ಬನಿಗೇ ಹೇಳಿದ್ದ."

"ಆಯಿ ಇದ್ದಾಗ ಒಂದು ಮಾತು ಹೇಳಬಹುದಿತ್ತಲ್ಲಪ್ಪ."

ಅಪ್ಪ ಹಾಳೆಗಳನ್ನು ನನ್ನ ಕೈಗಿಟ್ಟು, "ಛಾಪಾ ಮಾಡ್ಸು," ಎಂದು ಹೊರಗೆ ಹೋದ.

ಹೊಸ ಅಧ್ಯಾಯ ಈಗ ಅಚ್ಚಿನಲ್ಲಿದೆ. ಅದನ್ನು ಕೇಳಿ, ಹೌದು, ಹೀಗೇ ಆಗಿತ್ತು ಎನ್ನುವವರು ಯಾರೂ ಉಳಿದಿಲ್ಲ.