ದ್ರಾಕ್ಷಿಯ ಮುಂದೆ ನಿಂತ ಮೊಲ

ಮೊದಲು ಬಾಗಿಲಿನ ವಿಷಯ. ಅದೊಂದರಲ್ಲಿ ನನ್ನ ನೆನಪನ್ನು ನಂಬಬಹುದು, ಯಾಕೆಂದರೆ ಬಾಗಿಲು ಇವತ್ತಿಗೂ ಅಲ್ಲೇ ಇದೆ.

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆ ಬಿಟ್ಟು ಒಳಗೆ ಬಂದರೆ ಒಂದು ಎಸ್ಟೇಟು. ಅಲ್ಲಿ ಕಾಫಿ ಒಣಗಿಸುವ ಕಣದ ಪಕ್ಕದ ಕೋಣೆಯೇ ಶಿಶುವಿಹಾರ. ನಾನು ಅಲ್ಲಿಯ ಟೀಚರು. ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳನ್ನು ಕೆಲಸದವರು ಹಗಲಿಡೀ ನಮ್ಮಲ್ಲಿ ಬಿಟ್ಟು ಹೋಗುತ್ತಾರೆ. ಬಾಗಿಲು ಸೊಂಟದ ಎತ್ತರಕ್ಕಿದೆ, ಚಿಲಕ ಹೊರಗಡೆ. ಕುಯ್ಲು ಶುರುವಾಯಿತೆಂದರೆ, ಮಕ್ಕಳೆಲ್ಲ ಬಂದ ಮೇಲೆ, ಕೆಲಸದವರನ್ನು ನೋಡಿಕೊಳ್ಳುವ ಮೇಸ್ತ್ರಿ ಬಂದು ಚಿಲಕ ಹಾಕುತ್ತಾರೆ. ಮಕ್ಕಳು ಕಣಕ್ಕೆ ಓಡಿ ಕಾಫಿ ತುಳಿಯಬಾರದು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ತೊಟ್ಟಿಯ ಹತ್ತಿರ ಸುಳಿಯಬಾರದು. ಸಂಜೆ ಕುಯ್ದ ಕಾಫಿಯ ತೂಕ ಮುಗಿದು ತಾಯಂದಿರು ಬರುವವರೆಗೆ ಹಾಗೆಯೇ. ನಾನು ಕೈ ಚಾಚಿದರೆ ಚಿಲಕ ಸಿಗುತ್ತದೆ. ಆದರೂ ಹೊರಗೆ ಹೋಗಬೇಕಾದಾಗ ಮೇಸ್ತ್ರಿಯನ್ನೇ ಕೂಗುತ್ತೇನೆ. ಯಾಕೆ ಎಂದು ಬರೆಯುವಾಗ ಮಾತ್ರ ಕೇಳಿಕೊಳ್ಳುತ್ತಿದ್ದೇನೆ.

ಒಂದು ಕುಯ್ಲಿನ ಹೊತ್ತಿಗೆ ಟ್ಯಾಬ್ ಬಂತು, ಅದರೊಳಗೆ ಆ್ಯಪ್. ಪ್ರತಿ ಮಗುವಿಗೂ ಒಂದು ಪ್ರಾಣಿ, ಪ್ರಾಣಿಯ ಮುಂದೆ ಒಂದು ದಾರಿ, ದಾರಿಗೆ ಅಡ್ಡ ಒಂದೊಂದು ಚಿತ್ರ. ಚಿತ್ರ ಬಂದಾಗ ಒಂದು ಹೆಣ್ಣುದನಿ "ಇದು ಏನು? ಹೇಳಿ ನೋಡೋಣ" ಎನ್ನುತ್ತದೆ. ಮಗು ಹೆಸರು ಹೇಳಿದರೆ ಪ್ರಾಣಿ ಕುಪ್ಪಳಿಸಿ ಮುಂದಕ್ಕೆ ಹೋಗುತ್ತದೆ. ತಪ್ಪಾದರೆ "ಮತ್ತೊಮ್ಮೆ ಪ್ರಯತ್ನಿಸೋಣ". ಚಿತ್ರವನ್ನು ಬಿಟ್ಟು ಮುಂದೆ ಹೋಗುವ ಗುಂಡಿ ಇಲ್ಲ. ದೊಡ್ಡವರ ದನಿ ಕೇಳಿಸಿದರೆ "ಮಗುವೇ ಹೇಳಲಿ" ಎನ್ನುತ್ತದೆ. ತಿಂಗಳ ಕೊನೆಗೆ ಟ್ಯಾಬ್ ಕೊಟ್ಟವರ ಚಿಕ್ಕಮಗಳೂರಿನ ಆಫೀಸಿನಿಂದ ಒಬ್ಬರು ಬಂದು ಯಾವ ಪ್ರಾಣಿ ಎಲ್ಲಿಗೆ ಮುಟ್ಟಿದೆ ಎಂದು ನೋಡುತ್ತಾರೆ. ಹಿಂದುಳಿದ ಪ್ರಾಣಿಯ ಸುತ್ತ ಕೆಂಪು ಗೆರೆ.

ಮೊಲ ಸಿಕ್ಕಿದ್ದು ಒಬ್ಬ ಪುಟ್ಟ ಹುಡುಗಿಗೆ. ಅವಳ ಅಪ್ಪ ಅಮ್ಮ ಅಸ್ಸಾಮಿನ ಕಡೆಯಿಂದ ಕುಯ್ಲಿಗೆಂದು ಬಂದವರು. ನಮ್ಮ ಕೋಣೆಯಲ್ಲಿ ಅವಳು ಒಂದು ಮಾತೂ ಆಡಿರಲಿಲ್ಲ. ಅಳುವಾಗಲೂ ಬಾಯಿ ಬಿಗಿಹಿಡಿದೇ ಅಳುತ್ತಿದ್ದಳು. ಅವಳ ಅಮ್ಮನಿಗೆ ಬರುತ್ತಿದ್ದುದು ತೋಟದಲ್ಲಿ ಕೇಳಿ ಕಲಿತ ಕನ್ನಡ. "ಮನೇಲಿ ತುಂಬಾ ಮಾತು. ಇಲ್ಲಿ ಯಾಕೆ ಇಲ್ಲ?" ಎಂದು ಒಂದು ಸಂಜೆ ಕೇಳಿದಳು. ದೂರಿನ ದನಿಯಲ್ಲ, ಹೆದರಿಕೆಯ ದನಿ. ಆ ಮಗುವಿನ ಬಾಯಿಂದ ಒಂದು ಮಾತು ಕೇಳಬೇಕು ಎನ್ನುವುದೊಂದೇ ಆಮೇಲೆ ನನ್ನ ತಲೆಯಲ್ಲಿ ಉಳಿಯಿತು.

ದಾರಿಯ ಮೊದಲ ಚಿತ್ರ ದ್ರಾಕ್ಷಿ. ಹಸಿರು ದ್ರಾಕ್ಷಿಯ ಗೊಂಚಲು. ಮೂಡಿಗೆರೆ ಸಂತೆಯ ದ್ರಾಕ್ಷಿ ತಿಂದ ಮಕ್ಕಳು ಅದನ್ನು ಕಂಡ ಕೂಡಲೇ ಕೂಗಿ ದಾಟಿದ್ದರು. ಮೊಲ ಮಾತ್ರ ಅಲ್ಲೇ ನಿಂತಿತ್ತು. ಒಂದು ಬೆಳಿಗ್ಗೆ ಹುಡುಗಿ ಟ್ಯಾಬಿನ ಮೇಲೆ ಬಗ್ಗಿ ಗೊಂಚಲಿಗೆ ಬೆರಳಿಟ್ಟಳು.

"ಕಾಯಿ," ಎಂದಳು. ಮತ್ತೆ ಗಟ್ಟಿಯಾಗಿ, "ಕಾಯಿ ಬೇಡ!"

ನಮ್ಮ ಆಯಾ ಅನ್ನದ ಪಾತ್ರೆ ಕೆಳಗಿಟ್ಟು ನಕ್ಕುಬಿಟ್ಟಳು. "ಅಯ್ಯೋ ಟೀಚರೇ, ಮೇಸ್ತ್ರಿ ಗಂಟಲೇ ಇದು!"

ನಿಜ. ನಮ್ಮಲ್ಲಿಗೆ ಬರುವ ಮೊದಲು ಅವಳು ಅಮ್ಮನ ಜೊತೆ ತೋಟದಲ್ಲೇ ಇರುತ್ತಿದ್ದಳು. ಅಲ್ಲಿ ಹಗಲೆಲ್ಲ ಮೇಸ್ತ್ರಿಯ ಕೂಗು ಒಂದೇ: ಹಣ್ಣು ಮಾತ್ರ, ಕಾಯಿ ಬೇಡ. ಕೆಂಪಾಗದ ಕಾಫಿ ಕುಯ್ದರೆ ಬೈಗುಳ. ಹಸಿರು ಗೊಂಚಲು ಕಂಡರೆ ಹೇಳಬೇಕಾದದ್ದನ್ನೇ ಅವಳು ಹೇಳಿದ್ದಳು.

"ಮತ್ತೊಮ್ಮೆ ಪ್ರಯತ್ನಿಸೋಣ," ಎಂದಿತು ಟ್ಯಾಬ್.

"ಕಾಯಿ ಬೇಡ!"

"ಮತ್ತೊಮ್ಮೆ ಪ್ರಯತ್ನಿಸೋಣ."

ಮುಂದಿನ ಸಲ ದನಿ ತಗ್ಗಿತು. ತುಟಿಗಳು ಮತ್ತೆ ಅಂಟಿಕೊಳ್ಳುವುದನ್ನು ನಾನು ನೋಡುತ್ತಿದ್ದೆ.

"ಆಫ್ ಮಾಡಿ ಟೀಚರೇ ಅದನ್ನ," ಎಂದಳು ಆಯಾ. "ಅದಕ್ಕೆಂತ ಗೊತ್ತು? ಕಾಫಿ ಗಿಡ ಕಂಡಿದ್ಯಾ ಅದು?"

ಅಷ್ಟರಲ್ಲಿ ಎಸ್ಟೇಟಿನ ರೈಟರು ಅರ್ಧ ಬಾಗಿಲಿನ ಮೇಲೆ ಮೊಣಕೈ ಊರಿ ನಿಂತರು. ಹಾಜರಿ ತೆಗೆಯುವುದು, ತೂಕ ಬರೆಯುವುದು ಅವರ ಕೆಲಸ. ಈಗ ಪ್ರಾಣಿಗಳ ಲೆಕ್ಕವೂ ಅವರ ತಲೆಗೆ ಬಿದ್ದಿತ್ತು. "ಮೊಲ ಹೊರಡ್ತಾ ಟೀಚರೇ? ಇದೊಂದು ಕೆಂಪು ಉಳ್ಕೊಂಡಿದೆ. ದ್ರಾಕ್ಷಿ ಅಂತ ಒಂದ್ಸಲ ಹೇಳ್ಸಿಬಿಡಿ ಮಾರಾಯ್ರೆ, ಮುಗೀತಲ್ಲ."

"ಅವಳು ಮಾತಾಡಿದ್ಲು."

"ಹೌದಾ! ಎಂತ ಹೇಳ್ತು?"

"ಕಾಯಿ ಬೇಡ ಅಂತು."

"ಹಾಗಾದ್ರೆ ಬರೋ ವರ್ಷ ಮೇಸ್ತ್ರಿ ಕೆಲಸ ಇವಳಿಗೇ. ಇವತ್ತಿಗೆ ದ್ರಾಕ್ಷಿ ಹೇಳ್ಸಿ."

ಮುಂದಿನದು ನನ್ನ ನೆನಪಿನಲ್ಲಿ ಹೀಗಿದೆ: ನಾನು ಟ್ಯಾಬ್ ಬೋರಲು ಹಾಕಿ ಹುಡುಗಿಯನ್ನು ಎತ್ತಿ ಬಾಗಿಲ ಮೇಲಿಂದ ಕಣ ತೋರಿಸಿದೆ. ಹೆಂಗಸರು ರಾಶಿಯಿಂದ ಹಸಿರು ಕಾಯಿ ಆರಿಸಿ ತೆಗೆಯುತ್ತಿದ್ದರು. ಮೇಸ್ತ್ರಿ ಯಾರನ್ನೋ ಗದರಿಸುತ್ತಿದ್ದರು. ಹುಡುಗಿ ಕೂಗಿದಳು, "ಕಾಯಿ ಬೇಡ!"

ಕಣದ ತುಂಬ ನಗು. ಮೇಸ್ತ್ರಿ ತಿರುಗಿ ಸೊಂಟಕ್ಕೆ ಕೈಯಿಟ್ಟರು. "ಯಾರೇ ಅದು, ನನ್ನ ಮೇಲೊಬ್ಳು ಮೇಸ್ತ್ರಿ? ಬೇಡ ಮಾರಾಯ್ತಿ, ಬೇಡ. ಮತ್ತೆಂತ ಬೇಕು?"

"ಹಣ್ಣು ಮಾತ್ರ!"

ಇದು ತೀರಾ ಚೆನ್ನಾಗಿದೆ, ಅದಕ್ಕೇ ನನಗೆ ಅನುಮಾನ. ಆಯಾ ಹೇಳುವುದೇ ಬೇರೆ: ಮಗುವನ್ನು ಎತ್ತಿದ್ದು ತಾನು, ನಾನು ಟ್ಯಾಬ್ ಹಿಡಿದು ಕೂತೇ ಇದ್ದೆ. ಆ್ಯಪ್ ಸರಿಯುತ್ತರಗಳ ದನಿಯನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಆದ್ದರಿಂದ ಮೊಲದ ಕೆಳಗೆ ಆ ದಿನ ಖಾಲಿ. ಆ ಹೊತ್ತಿನಲ್ಲಿ ಅದು ತಾನಾಗಿ ತೆಗೆದ ಫೋಟೊ ಮಾತ್ರ ಒಂದಿದೆ. ಅದರಲ್ಲಿ ಕೆಳಗಿನಿಂದ ಕಾಣುವ ನನ್ನ ಮುಖ; ಬಾಯಿ ತೆರೆದಿದೆ. ನಾನು ನಗುತ್ತಿದ್ದೆನೋ, "ದ್ರಾಕ್ಷಿ ಅನ್ನು ಪುಟ್ಟಾ" ಎನ್ನುತ್ತಿದ್ದೆನೋ, ಎಷ್ಟು ದೊಡ್ಡದು ಮಾಡಿ ನೋಡಿದರೂ ತಿಳಿಯುವುದಿಲ್ಲ.

ಅವತ್ತಿನಿಂದ ಹುಡುಗಿ ದಿನವೂ ಬಾಗಿಲ ಬಳಿ ನಿಂತು ಮೇಸ್ತ್ರಿಯ ಜೊತೆ ಕೂಗಾಡುತ್ತಿದ್ದಳು. ನಂತರ ಆಯಾಳ ಹತ್ತಿರ ಅನ್ನ ಕೇಳಿದಳು. ಆಮೇಲೆ ನನ್ನನ್ನು "ಟೀಚ" ಎಂದು ಕರೆದಳು. ಟ್ಯಾಬ್ ಕೈಗೆತ್ತಿದರೆ ಮಾತ್ರ ಬಾಯಿ ಮುಚ್ಚುತ್ತಿತ್ತು. ದ್ರಾಕ್ಷಿ ಹೇಳಿಸುವುದನ್ನು ನಾನು ಬಿಟ್ಟೆ. ಒಮ್ಮೆ ತುಟಿ ಬಿಗಿದರೆ ಮತ್ತೆ ತೆರೆಯದೇ ಹೋದೀತು ಎಂಬ ಭಯ.

ಚಿಕ್ಕಮಗಳೂರಿನಿಂದ ಬಂದಾಕೆ ಕೆಂಪು ಗೆರೆ ನೋಡಿ ಕೇಳಿದರು, "ಈ ಮಗು ಮಾತಾಡಲ್ವಾ ಮೇಡಂ?"

"ಮಾತಾಡ್ತಾಳೆ. ಇದರ ಹತ್ರ ಇಲ್ಲ." ಹುಡುಗಿ ಬಾಗಿಲಲ್ಲಿ ಏನೋ ಕೂಗುತ್ತಲೇ ಇದ್ದಳು.

ಆಕೆ ಅತ್ತ ನೋಡಿದರು, ನಕ್ಕರು ಕೂಡ. ಆಮೇಲೆ ಮೊಲದ ಮೇಲೆ ಬೆರಳಿಟ್ಟರು. "ನಂಗೆ ಆಫೀಸಲ್ಲಿ ಕಾಣೋದು ಇಷ್ಟೇ ಅಲ್ವಾ?"

ಕುಯ್ಲು ಮುಗಿದು ಆ ಕುಟುಂಬ ಕಳಸದ ಕಡೆ ಕಾಳುಮೆಣಸು ಕುಯ್ಯಲು ಹೋಯಿತು. ಜೀಪಿನ ಹಿಂದೆ ಕೂತು ಹುಡುಗಿ ಎರಡು ಭಾಷೆಗಳನ್ನೂ ಕಲಸಿ ಮಾತಾಡುತ್ತಿದ್ದಳು. ನನ್ನ ಕಡೆ ತಿರುಗಲೂ ಅವಳಿಗೆ ಪುರುಸೊತ್ತಿರಲಿಲ್ಲ.

ಮೊಲ ಹೋಗಲಿಲ್ಲ. ದಾರಿ ಮುಗಿಸದ ಪ್ರಾಣಿಯನ್ನು ನಾವು ಅಳಿಸುವಂತಿಲ್ಲವಂತೆ. ಈಗ ಬೇರೆ ಮಕ್ಕಳು, ಬೇರೆ ಪ್ರಾಣಿಗಳು. ಬೆಳಿಗ್ಗೆ ಟ್ಯಾಬ್ ತೆರೆದರೆ ಎಲ್ಲಕ್ಕಿಂತ ಮೊದಲು ಅದೇ, ಕೆಂಪು ಗೆರೆಯೊಳಗೆ, ಹಸಿರು ಗೊಂಚಲಿನ ಮುಂದೆ.

ಮೊನ್ನೆ ಮಕ್ಕಳು ಬರುವ ಮುಂಚೆ ಒಬ್ಬಳೇ ಕೂತು, ದನಿ ಸಣ್ಣದು ಮಾಡಿ, ಅದಕ್ಕೆ ಹೇಳಿದೆ: ಕಾಯಿ ಬೇಡ.

"ಮಗುವೇ ಹೇಳಲಿ," ಎಂದಿತು.

ಒಬ್ಬೊಬ್ಬರಾಗಿ ಮಕ್ಕಳು ಬಂದರು. ಮೇಸ್ತ್ರಿ ಬಂದು ಹೊರಗಿನಿಂದ ಚಿಲಕ ಹಾಕಿದರು.