ಬಿಸಿಲಿಗೆ ದಾಳಿಂಬೆ ಸಿಪ್ಪೆ ಒಡ್ಡಿದ ದುಂಡಪ್ಪ

ಬಿಸಿಲನ್ನು ಬೈಯುವವರು ಊರ ತುಂಬ ಇದ್ದಾರೆ. ಬೆಳಗಾವಿಯ ವಡಗಾವಿಯಲ್ಲಿ ನೂಲಿಗೆ ಬಣ್ಣ ಹಾಕುವ ದುಂಡಪ್ಪ ಮಾತ್ರ ಬಿಸಿಲು ಹೇಗೆ ಸುಡುತ್ತದೆ, ಅದನ್ನು ಯಾವುದು ತಡೆಯುತ್ತದೆ ಎಂದು ಕೇಳುತ್ತ ಹೋದ. ತಪ್ಪು ಮಾಡಿ ನಗೆಗೀಡಾದ ಮೇಲೂ ಕೇಳುವುದನ್ನು ಬಿಡಲಿಲ್ಲ. ಅದಕ್ಕೇ ಅವನ ಬಗ್ಗೆ ಹೇಳಬೇಕು.

ಅವನ ಹೆಂಡತಿ ಕಾಶವ್ವನ ಕೆನ್ನೆ, ಕುತ್ತಿಗೆ, ಮುಂಗೈ ಮೇಲೆ ಬಿಳಿ ಮಚ್ಚೆಗಳಿವೆ. ಅದು ಅಂಟುವ ರೋಗವಲ್ಲ, ನೋವೂ ಇಲ್ಲ. ಆದರೆ ಬಿಸಿಲು ಬಿದ್ದರೆ ಆ ಜಾಗ ಕೆಂಡ ಇಟ್ಟಂತೆ ಉರಿಯುತ್ತದೆ. ಅಂಗಡಿಯಿಂದ ತಂದ ಕ್ರೀಮು ಹಚ್ಚಿದರೆ ತುರಿಕೆ ಎದ್ದಿತು.

ಖಾನಾಪುರದ ಹತ್ತಿರ ಕಾಶವ್ವನ ತವರಿನ ಭತ್ತದ ಗದ್ದೆ ಇದೆ. ಗಂಡುಮಕ್ಕಳಿಲ್ಲದ ಮನೆ. ಅವಳೂ ತಂಗಿ ಭರಮವ್ವನೂ ಕೂಡಿಯೇ ಪ್ರತಿ ವರ್ಷ ಕೊಯ್ಯುತ್ತಿದ್ದರು. ಮಚ್ಚೆ ಎದ್ದ ಮೇಲೆ ಎರಡು ಸುಗ್ಗಿಗೆ ಕಾಶವ್ವ ಹೋಗಲಿಲ್ಲ. ಈ ಸಲ ದೀಪಾವಳಿಗೆ ಮೊದಲೇ ಭರಮವ್ವ ಫೋನು ಮಾಡಿದಳು.

“ಅಕ್ಕಾ, ಒಬ್ಬಾಕಿ ಕೈಲೇ ಆಗೂದಿಲ್ಲ. ಈ ಸಲಾನೂ ನೀ ಬರಲಿಲ್ಲಂದ್ರ ಗದ್ದಿ ಲಾವಣಿಗಿ ಕೊಟ್ಟಬಿಡ್ತೀನಿ.”

ಗದ್ದೆ ಗೇಣಿಗೆ ಹೋಗುವ ಮಾತು ಕೇಳಿ ಕಾಶವ್ವ ಫೋನು ಇಟ್ಟು, “ಅಪ್ಪ ಮಾಡಿದ ಗದ್ದಿ ಮಂದಿ ಕೈಗಿ ಹೋಗತೈತ್ರಿ” ಎಂದಳು.

ದುಂಡಪ್ಪನ ತಲೆಯೊಳಗೆ ಒಂದು ಹುಳ ಹೊಕ್ಕಿತು. ಬಿಸಿಲಿಗೆ ಬಣ್ಣ ಹಾರುವುದನ್ನು ನೋಡುತ್ತಲೇ ಬೆಳೆದವನು ಅವನು. ಅರಿಷಿಣದ ಬಣ್ಣವಂತೂ ಎಲ್ಲಕ್ಕಿಂತ ಬೇಗ ಹಾರುತ್ತದೆ. ಆ ಬಣ್ಣವನ್ನು ಉಳಿಸುವ ಗಿಡ ಸಿಕ್ಕರೆ ಹೆಂಡತಿಯ ಚರ್ಮವನ್ನೂ ಅದು ಉಳಿಸಬಹುದಲ್ಲ?

ಅರಿಷಿಣದಲ್ಲಿ ಅದ್ದಿದ ನೂಲಿನ ಲಡಿಗಳನ್ನು ಮಾಳಿಗೆ ಮೇಲೆ ಸಾಲಾಗಿ ಇಟ್ಟ. ಹಳೆಯ ಕಿಟಕಿಯ ಗಾಜಿನ ತುಂಡುಗಳನ್ನು ಅವುಗಳ ಮೇಲೆ ಮುಚ್ಚಿದ. ಒಂದು ಗಾಜಿಗೆ ದಾಳಿಂಬೆ ಸಿಪ್ಪೆ ಕುದಿಸಿದ ರಸ ಬಳಿದ, ಒಂದಕ್ಕೆ ಅಳಲೆಕಾಯಿಯದು, ಒಂದಕ್ಕೆ ಬರೀ ಚಹಾ. ಒಂದನ್ನು ಹಾಗೆಯೇ ಬಿಟ್ಟ.

ಕಾಶವ್ವ ಮೆಟ್ಟಿಲ ಮೇಲೆ ನಿಂತು ನೋಡಿದಳು. “ಮಂದಿ ಮಾಳಿಗಿ ಮ್ಯಾಲ ಹಪ್ಪಳಾ ಒಣಸ್ತಾರ. ನೀವು ಗಾಜು ಒಣಸಾಕತ್ತೀರಿ.”

“ಸುಮ್ನ ನೋಡ್ತಾ ಇರು.”

ಕೆಲವು ದಿನಕ್ಕೆ ಬರಿಗಾಜಿನ ಕೆಳಗಿನ ನೂಲು ಮಜ್ಜಿಗೆಯ ಹಾಗೆ ಬಿಳುಚಿತು. ಚಹಾ ಬಳಿದ ಕಡೆ ಅರ್ಧ ಹಾರಿತ್ತು. ದಾಳಿಂಬೆ, ಅಳಲೆಕಾಯಿ ಬಳಿದ ಕಡೆ ಹಳದಿ ಇನ್ನೂ ನಿಂತಿತ್ತು. ದುಂಡಪ್ಪ ಆ ಎರಡೂ ರಸಗಳನ್ನು ಬತ್ತಿಸಿ, ಕೋಕಂ ಬೀಜದ ಗಟ್ಟಿ ಎಣ್ಣೆಯಲ್ಲಿ ಕಲಸಿದ. ಮೊದಲು ತನ್ನ ಕೈಗೆ ಹಚ್ಚಿ ನೋಡಿದ. ತುರಿಕೆ ಏಳಲಿಲ್ಲ. ಡಬ್ಬಿ ತುಂಬಿಕೊಂಡು ಗಂಡಹೆಂಡತಿ ಖಾನಾಪುರದ ರೈಲು ಹತ್ತಿದರು.

ಗದ್ದೆಯಲ್ಲಿ ಕಾಶವ್ವ ಮುಖಕ್ಕೂ ಕೈಗೂ ಅದನ್ನು ಬಳಿದುಕೊಂಡು ಕುಡುಗೋಲು ಹಿಡಿದಳು. ಬಿಸಿಲು ಏರಿತು. ಬೆವರು ಒರೆಸಿಕೊಳ್ಳುತ್ತ ಕೊಯ್ದಳು. ಭರಮವ್ವ ಒಮ್ಮೆ ತಿರುಗಿ ನೋಡಿದವಳೇ ಕೊಯ್ದ ಭತ್ತದ ಸಿವುಡು ಕೈಬಿಟ್ಟು ನಗತೊಡಗಿದಳು.

“ಅಯ್ಯ ಅಕ್ಕಾ, ಮಾರಿ ನೋಡ್ಕೋ! ಗ್ಯಾರೇಜಿನ ಮಿಸ್ತ್ರಿ ಆಗಿದಿ! ಮಾಮಾ, ಇದೇನ ಔಷಧಾನೋ, ಬೂಟ್ ಪಾಲಿಶೋ?”

ಕಾಶವ್ವನ ಅಂಗೈ ಇದ್ದಲಿನಂತಾಗಿತ್ತು. ಕೆನ್ನೆ, ಹಣೆ ಮೇಲೆ ಕರಿ ಗೆರೆಗಳು. ಅಳಲೆಕಾಯಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ದುಂಡಪ್ಪ ಕರಿ ನೂಲು ಮಾಡುವುದೇ ಹಾಗೆ. ಕುಡುಗೋಲೂ ಕಬ್ಬಿಣದ್ದೇ ಎಂಬುದು ಅವನಿಗೆ ಹೊಳೆದಿರಲಿಲ್ಲ.

“ಜನುಮೆಲ್ಲಾ ಕರಿ ನೂಲು ಮಾಡಾವ್ರು ನೀವು. ಇಷ್ಟ ತಿಳೀಲಿಲ್ಲೇನ್ರಿ?” ಎಂದಳು ಕಾಶವ್ವ.

“ನೂಲಿನ್ಯಾಗ ತಿಳೀತಿತ್ತು. ಹೆಂಡ್ತಿ ಮ್ಯಾಗ ತಿಳೀಲಿಲ್ಲ.”

ಕಾಶವ್ವನೂ ನಕ್ಕಳು. ಆದರೆ ಮಧ್ಯಾಹ್ನದ ಹೊತ್ತಿಗೆ ಬೆವರು ಒರೆಸಿದ ಕಡೆಯೆಲ್ಲ ಕೆಂಪೆದ್ದು ಉರಿ ಹತ್ತಿತು. ಕುಡುಗೋಲು ಕೆಳಗಿಟ್ಟು ಮರದ ನೆರಳಿಗೆ ಹೋಗಿ ಕುಳಿತಳು. “ಸಾಕ್ರಿ. ನನ್ನ ಹಣೇಬರಾನ ಇಷ್ಟ.” ಭರಮವ್ವನ ನಗೆಯೂ ನಿಂತಿತು. ಅರ್ಧಕ್ಕಿಂತ ಹೆಚ್ಚು ಗದ್ದೆ ಹಾಗೇ ನಿಂತಿತ್ತು.

ಮರುದಿನ ದುಂಡಪ್ಪ ಹೆಂಡತಿಯನ್ನು ಬೆಳಗಾವಿಯ ಚರ್ಮದ ಡಾಕ್ಟರು ಶರ್ವರಿ ಅವರ ಹತ್ತಿರ ಕರೆದುಕೊಂಡು ಹೋದ. ಡಬ್ಬಿಯನ್ನೂ ನೂಲಿನ ಲಡಿಗಳನ್ನೂ ಮೇಜಿನ ಮೇಲಿಟ್ಟು ಎಲ್ಲ ಹೇಳಿದ. ಡಾಕ್ಟರು ಲಡಿಗಳನ್ನು ತಿರುವಿ ತಿರುವಿ ನೋಡಿದರು.

“ಕಾಕಾ, ನಿಮ್ಮ ದಾಳಿಂಬ್ರಿ ಸುಳ್ಳಲ್ರಿ. ಬಿಸಲಿನ್ಯಾಗಿನ ಸುಡೂ ಕಿರಣಾ ಹೀರೂ ಗುಣ ಎಷ್ಟೋ ಗಿಡದ ರಸಕ್ಕ ಐತಿ. ಅದರ ಮ್ಯಾಲ ಭಾಳ ಮಂದಿ ಅಭ್ಯಾಸ ಮಾಡಾಕತ್ತಾರ. ಆದ್ರ ಎಷ್ಟ ಹೀರತೈತಿ ಅಂತ ಅಳೀಲಾರದ ನಂಬಬಾರದು. ನಿಮ್ಮ ಗಾಜೂ ಸ್ವಲ್ಪ ತಡದಿರತೈತಿ. ಮತ್ತ ಬೆವರಿನ್ಯಾಗ ಮೈಮ್ಯಾಲ ನಿಂದ್ರಬೇಕಲ್ರಿ?”

“ನೂಲಿನ ಮ್ಯಾಲ ಆದ್ರ ನಿಂದ್ರತೈತ್ರಿ” ಎಂದ ದುಂಡಪ್ಪ. ಹೇಳಿ ಮೇಜಿನ ಮೇಲಿನ ಲಡಿಯೊಂದನ್ನು ಕೈಗೆತ್ತಿಕೊಂಡ. “ಡಾಕ್ಟರ್ ಬಾಯಾರ, ಮೈ ಬಿಟ್ಟು ಬಟ್ಟಿಗಿ ಹಾಕಿದ್ರ?”

“ಅದು ಛಲೋ ಮಾತು. ಹಾಕಿ ನೋಡ್ರಿ, ನನಗೂ ತಂದ ತೋರಸ್ರಿ. ಮಾರಿಗಿ, ಕೈಗಿ ಮಾತ್ರ ನಾ ಕೊಡೂ ಕ್ರೀಮ ಹಚ್ಚಬೇಕು. ಇದರಾಗ ಜಿಂಕ್, ಅಂದ್ರ ಸತುವಿನ ಪುಡಿ ಐತಿ, ತುರಸೂದಿಲ್ಲ.”

ಮನೆಗೆ ಬಂದವನೇ ದುಂಡಪ್ಪ ಒತ್ತಾಗಿ ನೆಯ್ದ ಹತ್ತಿ ಬಟ್ಟೆ ತೆಗೆದ. ಬಣ್ಣ ಹಿಡಿಯಲೆಂದು ಪಟಿಕದ ನೀರಿನಲ್ಲಿ ನೆನೆಸಿ, ದಾಳಿಂಬೆ ಸಿಪ್ಪೆಯ ರಸದಲ್ಲಿ ಮೇಲಿಂದ ಮೇಲೆ ಅದ್ದಿದ. ಕುಡುಗೋಲು ತಾಗಿ ಕಪ್ಪಾದರೆ ಆಗಲಿ, ಬಟ್ಟೆ ತಾನೆ. ಬಣ್ಣ ಹಾಕಿದ್ದನ್ನೂ ಹಾಕದ್ದನ್ನೂ ಅರಿಷಿಣದ ನೂಲಿನ ಮೇಲೆ ಹೊದಿಸಿ ನೋಡಿದ. ಈ ಸಲ ನಡುವೆ ಗಾಜಿರಲಿಲ್ಲ. ಬಣ್ಣದ ಬಟ್ಟೆಯ ಕೆಳಗೆ ಹಳದಿ ಹೆಚ್ಚು ಉಳಿಯಿತು. ಆ ಬಟ್ಟೆಯಿಂದಲೇ ಕುತ್ತಿಗೆ ಮುಚ್ಚುವ ತುಂಬುತೋಳಿನ ಅಂಗಿ ಹೊಲಿಸಿದ. ತಲೆಗೂ ಕೆನ್ನೆಗೂ ಸುತ್ತಿಕೊಳ್ಳಲು ಒಂದು ವಸ್ತ್ರ ಮಾಡಿಸಿದ.

ಅಂಗಿ ತೊಟ್ಟು ಕಾಶವ್ವ ಮತ್ತೆ ಗದ್ದೆಗೆ ಇಳಿದಳು. ಬಿಸಿಲು ನೆತ್ತಿಗೆ ಬಂದಾಗ ಡಾಕ್ಟರು ಹೇಳಿದಂತೆ ನೆರಳಿಗೆ ಬಂದು ಕ್ರೀಮು ಮತ್ತೆ ಹಚ್ಚಿಕೊಂಡಳು, ಮತ್ತೆ ಇಳಿದಳು. ಸಂಜೆ ಭರಮವ್ವ ಅಕ್ಕನ ಕೊರಳಪಟ್ಟಿ ಸರಿಸಿ ನೋಡಿದಳು. ಅಂಗಿಯ ತೋಳಿನಿಂದ ಹೊರಗಿದ್ದ ಮುಂಗೈ ಮೇಲೆ ಒಂದಿಷ್ಟು ಕೆಂಪಿತ್ತು. ಕುತ್ತಿಗೆ, ಕೆನ್ನೆ ಹಾಗೇ ಇದ್ದವು.

“ಉರೀತೈತೇನ ಅಕ್ಕಾ?”

“ಕೈ ಅಷ್ಟ ಚುರುಚುರು ಅಂತೈತಿ. ನಾಳೆ ಬಾಜೂದ್ದು ಮುಗಸೂಣು.”

ಮುಗಿಸಿದರು. ಲಾವಣಿ ಕೇಳಲು ಬಂದವನಿಗೆ ಭರಮವ್ವ ಬಾಗಿಲಲ್ಲೇ, “ಇಲ್ರೀ, ನಾವ ಮಾಡ್ತೀವಿ” ಎಂದು ಹೇಳಿ ಕಳಿಸಿದಳು.

ದುಂಡಪ್ಪ ಈಗ ಮುಂಗೈ ಮುಚ್ಚುವ ಬಗೆ ಹುಡುಕುತ್ತಿದ್ದಾನೆ. ಅವನು ಕ್ರೀಮು ಮಾರುವುದಿಲ್ಲ, ಅದನ್ನು ಕೇಳಬೇಡಿ. ಆದರೆ ವಡಗಾವಿಯ ಕಡೆ ಹೋದಾಗ ಒಂದು ಸಲ ಅವನ ಮನೆಗೆ ಹೋಗಿ ಬನ್ನಿ. ನಿಮ್ಮ ಕಡೆ ಬಿಸಿಲಿಗೆ ಹಚ್ಚುವ ಎಲೆಯೋ ತೊಗಟೆಯೋ ಗೊತ್ತಿದ್ದರೆ ಒಂದು ಹಿಡಿ ಒಯ್ದು ಕೊಡಿ.